ಮಗ್ಗಿಗೂ ಬಾಗಿಲಿಗೂ

ಮೂರನೆಯ ಹುಡುಗನ ಪ್ರೋಗ್ರಾಂ ಪರದೆಯ ಮೇಲೆ ಓಡತೊಡಗಿದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಲಿಫ್ಟ್ ಮೆಕ್ಯಾನಿಕ್‌ನ ಎದೆ ಧಸಕ್ಕೆಂದಿತು. ಇದರಲ್ಲೂ ಬಾಗಿಲಿಲ್ಲ! ಮೊದಲಿನ ಎರಡರಲ್ಲೂ ಇರಲಿಲ್ಲ. ಪಾಪ, ಮಕ್ಕಳು ಗಾಬರಿಯಲ್ಲಿ ಮರೆತಿರಬೇಕು ಎಂದು ಮನಸ್ಸಿನಲ್ಲೇ ಮರುಗಿದ್ದವನು ಈಗ ಕುರ್ಚಿಯ ತುದಿಗೆ ಬಂದ. ಮೂವರೂ ಒಟ್ಟಿಗೆ ಮರೆಯುವುದುಂಟೆ?

ಗ್ರಂಥಾಲಯದ ಮಹಡಿಯ ಹಾಲ್‌ನಲ್ಲಿ ಭಾನುವಾರದ ಕಂಪ್ಯೂಟರ್ ತರಗತಿಗೆ ಮಕ್ಕಳನ್ನು ಆರಿಸುತ್ತಿದ್ದರು. ಮುಂದಿನ ಸರದಿ ಅವನ ಅಕ್ಕನ ಮಗಳದು. ಒಂಬತ್ತನೇ ತರಗತಿಯ ಆ ಹುಡುಗಿಗೆ ಇಷ್ಟು ದಿನ ಪ್ರತಿ ಭಾನುವಾರ ತನ್ನ ಒಂಟಿ ಕೋಣೆಯಲ್ಲಿ ಕೂರಿಸಿಕೊಂಡು ಪ್ರೋಗ್ರಾಮಿಂಗ್ ಹೇಳಿಕೊಟ್ಟವನು ಇವನೇ. ಇವನಿಗಾದರೂ ಎಷ್ಟು ಗೊತ್ತಿತ್ತು? ಲಿಫ್ಟಿನ ಕಂಟ್ರೋಲ್ ಬೋರ್ಡ್ ಬಗ್ಗೆ ಕಂಪನಿಯವರು ಕೊಟ್ಟ ಒಂದು ವಾರದ ತರಬೇತಿ, ಅಷ್ಟೇ ಬಂಡವಾಳ. ಅಲ್ಲಿ ತೋರಿಸಿದ ಪ್ರತಿಯೊಂದು ಪ್ರೋಗ್ರಾಮೂ 'ಬಾಗಿಲು ಮುಚ್ಚಿದೆಯೇ?' ಎಂದು ಕೇಳಿಕೊಂಡೇ ಮುಂದೆ ಹೆಜ್ಜೆಯಿಡುತ್ತಿತ್ತು. ಕಾಗದ ಬರೆಯುವವರು ಮೊದಲು ಕ್ಷೇಮ ವಿಚಾರಿಸುವಂತೆ, ಪ್ರೋಗ್ರಾಂ ಬರೆಯುವವರು ಮೊದಲು ಬಾಗಿಲು ವಿಚಾರಿಸಬೇಕು ಎಂದು ಈ ಮಹಾಶಯ ನಂಬಿಬಿಟ್ಟಿದ್ದ. ನಂಬಿದ್ದನ್ನು ಗದರಿಸಿ ಕಲಿಸಿಯೂ ಇದ್ದ.

"ಎರಡು ಸಂಖ್ಯೆ ಕೂಡೋದಕ್ಕೂ ಬಾಗಿಲು ಯಾಕೆ ಮಾವ?" ಎಂದು ಅವಳು ಮೊದಲ ದಿನವೇ ಕೇಳಿದ್ದಳು.

"ಬಾಗಿಲು ಮುಚ್ಚದೆ ಯಾವುದೂ ಹೊರಡಬಾರದು. ಪ್ರಶ್ನೆ ಕೇಳ್ಬೇಡ, ಬರಿ."

ಅಕ್ಕ ಬೆಳಿಗ್ಗೆಯೇ ಕಡ್ಡಿ ಮುರಿದಂತೆ ಹೇಳಿದ್ದಳು: "ನೋಡೋ, ಇವತ್ತು ಅವರು ಸೇರಿಸ್ಕೊಂಡ್ರೆ ಸರಿ. ಇಲ್ಲಾಂದ್ರೆ ಈ ಕಂಪ್ಯೂಟರ್ ಹುಚ್ಚು ಇಲ್ಲಿಗೇ ಮುಗೀತು. ಭಾನುವಾರ ಲೆಕ್ಕದ ಟ್ಯೂಷನ್‌ಗೆ ಹೋಗ್ಲಿ."

ಸೇರಿಸಿಕೊಂಡರೂ ಇವನ ಭಾನುವಾರ ಹೋಯಿತು, ಬಿಟ್ಟರೂ ಹೋಯಿತು. ಮದುವೆ ಗಿದುವೆಯ ಗೊಡವೆಗೆ ಹೋಗದ ಇವನಿಗೆ ಕೋಣೆ ಎಂಬುದು ಮನೆ ಅನ್ನಿಸುತ್ತಿದ್ದುದೇ ವಾರದಲ್ಲಿ ಅದೊಂದು ದಿನ. ಆದರೂ ಹುಡುಗಿ ಆಯ್ಕೆಯಾಗಲಿ ಎಂದೇ ಅವನ ಆಸೆ. ಈಗ ನೋಡಿದರೆ ಅವಳ ದಾರಿಗೆ ತಾನೇ ಅಡ್ಡಗಾಲು ಹಾಕಿದಂತಾಗಿತ್ತಲ್ಲ!

ಹುಡುಗಿ ಎದ್ದು ಮುಂದೆ ಹೋಗುವಾಗ ಅವನು ಎರಡು ಬೆರಳನ್ನು ಕತ್ತರಿ ಮಾಡಿ, ಆ ಬಾಗಿಲಿನ ಸಾಲನ್ನು ಕತ್ತರಿಸಿ ಹಾಕು ಎಂದು ಸನ್ನೆ ಮಾಡಿದ. ಅವಳು ಖುಷಿಯಿಂದ ಕೈ ಬೀಸಿದಳು.

"ಇದು ನನ್ನ ತಮ್ಮನಿಗೆ ಮಗ್ಗಿ ಕೇಳೋ ಪ್ರೋಗ್ರಾಂ ಮೇಡಂ," ಎಂದು ಗುಂಡಿ ಒತ್ತಿದಳು. ಗೋಡೆಯಗಲದ ಪರದೆಯ ಮೇಲೆ ದಪ್ಪಕ್ಷರದಲ್ಲಿ ಮೂಡಿತು: ಬಾಗಿಲು ಮುಚ್ಚಿದೆಯೇ?

ಹಾಲ್‌ ಇಡೀ ಗೊಳ್ಳೆಂದಿತು. ಕಲಿಸುವ ಮೇಡಂ ಕನ್ನಡಕ ಸರಿಮಾಡಿಕೊಂಡರು. "ಮಗ್ಗಿಗೂ ಬಾಗಿಲಿಗೂ ಏನಮ್ಮ ಸಂಬಂಧ?"

ಮೆಕ್ಯಾನಿಕ್ ದಡಕ್ಕನೆ ಎದ್ದು ನಿಂತ. "ತಪ್ಪು ನಂದು ಮೇಡಂ. ನಾನು ಲಿಫ್ಟಿನೋನು, ನಮ್ಮಲ್ಲಿ..."

"ನೀನು ಕೂತ್ಕೋ ಮಾವ," ಎಂದಳು ಹುಡುಗಿ. "ಮೇಡಂ, ಬಾಗಿಲು ತೆಗೆದಿದ್ರೆ ನನ್ನ ತಮ್ಮ ಎರಡರ ಮಗ್ಗಿ ಮುಗಿಯೋದ್ರೊಳಗೆ ಆಟಕ್ಕೆ ಓಡಿಹೋಗ್ತಾನೆ. ಮೊದಲು ಅವನನ್ನ ಒಳಗೆ ಹಾಕ್ಕೋಬೇಕು. ಆಮೇಲೆ ಮಗ್ಗಿ."

"ಮುಚ್ಚಿದೆ ಅಂತ ಸುಳ್ಳು ಹೇಳಿದ್ರೆ?"

"ಹೇಳೇ ಹೇಳ್ತಾನೆ. ಅದಕ್ಕೇ ಇನ್ನೊಂದು ಸಲ ಕೇಳುತ್ತೆ. ಆಗಲೂ ಹೌದು ಅಂದ್ರೆ, ಅಮ್ಮನ್ನ ಕರಿ, ಅವರು ಹೇಳ್ಲಿ ಅನ್ನುತ್ತೆ."

ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮುಂದಿನ ವಾರದಿಂದ ಬಾರಮ್ಮ," ಎಂದರು. ಮೆಕ್ಯಾನಿಕ್‌ನ ಪಕ್ಕದಲ್ಲೇ ಕೂತಿದ್ದ ಅಕ್ಕ ಅವನನ್ನು ಮೊಣಕೈಯಿಂದ ತಿವಿದು, "ಪರವಾಗಿಲ್ಲ ಕಣೋ, ಏನೋ ಒಂದು ಕಲಿಸಿದೀಯ," ಎಂದಳು. ಅವನಿಗೆ ನಗು ಬಂತು.

ಮೆಟ್ಟಿಲಿಳಿಯುವಾಗ ಅವನು ಮೆಲ್ಲಗೆ ಕೇಳಿದ: "ಬಾಗಿಲು ಎಲ್ಲದಕ್ಕೂ ಬೇಕಾಗಿಲ್ಲ ಅಂತ ನಿನಗೆ ಯಾವಾಗ ಗೊತ್ತಾಯ್ತೇ?"

"ಎರಡನೇ ವಾರ."

"ಮತ್ತೆ ನಂಗೆ ಹೇಳೋದಲ್ವಾ?"

"ಪ್ರಶ್ನೆ ಕೇಳ್ಬೇಡ ಅಂದಿದ್ಯಲ್ಲ," ಎಂದು ಅವಳು ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದಳು.

ಮುಂದಿನ ಭಾನುವಾರ ಅವನು ಅಭ್ಯಾಸಬಲದಿಂದ ಮೇಜು ಒರೆಸಿ, ಎರಡು ಕುರ್ಚಿ ಎಳೆದು ಹಾಕಿದ. ಹಾಕಿದ ಮೇಲೆ ಒಂದನ್ನು ಗೋಡೆಗೆ ಸರಿಸಿದ. ಮಾಡಲು ಬೇರೆ ಕೆಲಸವಿಲ್ಲದೆ ಕಂಪ್ಯೂಟರ್ ಹಚ್ಚಿದರೆ 'ಮಾವನಿಗೆ' ಎಂಬ ಹೊಸದೊಂದು ಪ್ರೋಗ್ರಾಂ ಕಣ್ಣಿಗೆ ಬಿತ್ತು. ಆಯ್ಕೆಯಾದ ಸಂಜೆ ಬಂದಿದ್ದಾಗ ಬರೆದಿಟ್ಟಿರಬೇಕು. ತೆರೆದ.

ಬಾಗಿಲು ಮುಚ್ಚಿದೆಯೇ?

ಕತ್ತು ತಿರುಗಿಸಿ ನೋಡಿದ. ಮುಚ್ಚಿತ್ತು, ಚಿಲಕವೂ ಹಾಕಿತ್ತು. 'ಹೌದು' ಎಂದು ಒತ್ತಿದ.

ಹಾಗಾದರೆ ತೆಗೆದಿಡು. ಕ್ಲಾಸ್ ಮುಗಿಸಿಕೊಂಡು ಊಟಕ್ಕೆ ಬರುತ್ತೇನೆ.

ಅವನು ಎದ್ದು ಹೋಗಿ ಚಿಲಕ ತೆಗೆದ. ತೆರೆದ ಬಾಗಿಲು ಗಾಳಿಗೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಮಂಚದ ಕೆಳಗಿಂದ ಸ್ಪ್ಯಾನರುಗಳ ಪೆಟ್ಟಿಗೆ ಎಳೆದು ತಂದು ಅದಕ್ಕೆ ಒತ್ತಿ ಇಟ್ಟ.