ಬೆಟ್ಟ ಕಾಣದ ಕ್ಯಾಮೆರಾ

ಲಾರ್ಖೆನ್‌ಟಾಲ್ ಕಣಿವೆಯ ಜನ ಎಂಥವರೆಂದರೆ, ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳುವಾಗ ಹಾದರವನ್ನಾದರೂ ಬಾಯಿಬಿಟ್ಟಾರು, ಅಣಬೆ ಎಲ್ಲಿ ಕಿತ್ತೆವೆಂಬುದನ್ನು ಮಾತ್ರ ಹೇಳಲಾರರು. ಹೊಸ ಹಿಮ ಬಿದ್ದ ಬೆಳಿಗ್ಗೆ ಎಲ್ಲಿ ಸ್ಕೀ ಮಾಡಿ ಬಂದೆ ಎಂದು ಕೇಳುವುದಂತೂ ಸಂಬಳ ಕೇಳುವುದಕ್ಕಿಂತ ಕೆಟ್ಟ ನಡತೆ. ಕೇಳಿದರೆ "ಅಲ್ಲೇ, ಮೇಲೆ" ಎಂದು ಉತ್ತರ ಬರುತ್ತದೆ. ಆ ಕಣಿವೆಯಲ್ಲಿ ನಾಲ್ಕು ದಿಕ್ಕೂ ಮೇಲೆಯೇ.

ಡೈರಿಯಲ್ಲಿ ಚೀಸ್ ಮಾಡುವ ಬುರ್ಗಿಗೆ ಅಂಥದೊಂದು ಜಾಗ ಅಣ್ಣ ರೋಮೆಡ್‌ನಿಂದ ಬಂದಿತ್ತು. ಊರಿನ ನೆತ್ತಿಯ ಮೇಲೆ ಜೋಡಿ ಬಂಡೆಗಳಿವೆ. ತಲೆ ಬಾಗಿಸಿ ನಿಂತ ಸನ್ಯಾಸಿನಿಯರ ಹಾಗೆ ಕಾಣುವುದರಿಂದ ಅವಕ್ಕೆ ಅದೇ ಹೆಸರು. ಅವುಗಳ ಹಿಂದೆ ಬರೀ ಪ್ರಪಾತ ಎಂದು ಊರೆಲ್ಲ ನಂಬಿದೆ. ಆದರೆ ಎಡಬಂಡೆಯ ಬೆನ್ನು ಸವರಿಕೊಂಡು ಹತ್ತು ಹೆಜ್ಜೆ ಹೋದರೆ ಒಂದು ಕೊರಕಲು ಬಾಯಿ ತೆರೆಯುತ್ತದೆ. ಅಲ್ಲಿಂದ ಕೆಳಗಿನ ಕಾಡಿನವರೆಗೂ ಗಾಳಿ ಮುಟ್ಟದ, ಜರಡಿ ಹಿಡಿದ ಹಿಟ್ಟಿನಂಥ ಹಿಮ. ಹದಿನಾರನೇ ವಯಸ್ಸಿನಲ್ಲಿ ಕಾಡುಮೇಕೆಯ ಬೆನ್ನುಹತ್ತಿ ಹೋದ ರೋಮೆಡ್ ಅದನ್ನು ಕಂಡುಹಿಡಿದು 'ತೊಟ್ಟಿಲು' ಎಂದು ಹೆಸರಿಟ್ಟ. ಮರ ಕಡಿಯುವಾಗ ಸೊಂಟದ ಮೇಲೆ ಮರ ಬಿದ್ದು, ಇನ್ನು ಈ ಜನ್ಮದಲ್ಲಿ ಸ್ಕೀ ಕಟ್ಟುವುದಿಲ್ಲ ಎಂದು ಗೊತ್ತಾದ ಮೇಲೆ ತಂಗಿಗೆ ಕೊಟ್ಟ. ಷರತ್ತು ಒಂದೇ: ಯಾರಿಗೂ ಹೇಳಕೂಡದು.

ಬುರ್ಗಿ ಹೇಳಲಿಲ್ಲ. ಮದುವೆಯಾಗಬೇಕೆಂದಿದ್ದ ಫ್ಲೋರಿನ್ ಎಂಬ ಹುಡುಗ "ನಸುಕಿನಲ್ಲೆದ್ದು ಎಲ್ಲಿಗೆ ಹೋಗ್ತೀಯ, ಯಾರನ್ನ ನೋಡೋಕೆ?" ಎಂದು ಹಟ ಹಿಡಿದಾಗಲೂ ಹೇಳಲಿಲ್ಲ. ಅವನು ಅನುಮಾನಪಟ್ಟು ಬಿಟ್ಟುಹೋದ. ಹಿಮ ಕುಸಿಯುವ ಜಾಗಕ್ಕೆ ಒಬ್ಬಳೇ ಹೋಗುವುದು ಹುಚ್ಚುತನ ಎಂದು ಆಮೇಲೆ ರೋಮೆಡ್‌ಗೇ ಹೆದರಿಕೆಯಾಗಿ, ಇಬ್ಬರನ್ನು ಸೇರಿಸಿಕೊಳ್ಳಲು ಒಪ್ಪಿದ. ಒಬ್ಬ ಸ್ಕೀ ಶಾಲೆಯ ಮೇಷ್ಟ್ರು ಕಾಸಿಯನ್. ಇನ್ನೊಬ್ಬಳು ವ್ರೋನಿ, ಒಂದನೇ ಕ್ಲಾಸಿನಿಂದ ಬುರ್ಗಿಯ ಪಕ್ಕದಲ್ಲೇ ಕೂತು ಬೆಳೆದವಳು. ರೋಮೆಡ್ ಇಬ್ಬರನ್ನೂ ಅಡುಗೆಮನೆಗೆ ಕರೆದು ಕೈಮೇಲೆ ಕೈ ಹೊಡೆಸಿಕೊಂಡ. ಕೈ ಹೊಡೆದ ಮಾತಿಗೆ ಆ ಊರಿನಲ್ಲಿ ಕಾಗದಪತ್ರ ಬೇಕಿಲ್ಲ.

ಈ ಸಲ ಶರತ್ಕಾಲದಲ್ಲಿ, ಆಲೂಗಡ್ಡೆ ಸುಲಿಯುತ್ತ ಕೂತಿದ್ದ ರೋಮೆಡ್ ಇದ್ದಕ್ಕಿದ್ದಂತೆ ಕೇಳಿದ:

"ಬುರ್ಗಿ, ಆ ಸಿಡಿಲು ಬಡಿದ ಮರ ಆದ್ಮೇಲೆ ಎಡಕ್ಕೆ ತಿರುಗೋದಾ, ಬಲಕ್ಕಾ? ಮರೆತೇ ಹೋಗಿದೆ ನೋಡು."

ಎಡಕ್ಕೆ ಎಂದಳು. ತೊಟ್ಟಿಲನ್ನು ಕಂಡುಹಿಡಿದವನಿಗೇ ತೊಟ್ಟಿಲು ಮರೆಯುತ್ತಿದೆಯಲ್ಲ! ಅದನ್ನು ವಿಡಿಯೊ ಚಿತ್ರ ತೆಗೆದು ತಂದು ಇವನಿಗೆ ತೋರಿಸಬೇಕು ಎಂಬ ಯೋಚನೆ ಅವಳಿಗೆ ಹುಟ್ಟಿದ್ದು ಆಗಲೇ.

"ತೆಗೀರಿ," ಎಂದ ರೋಮೆಡ್. "ಆದ್ರೆ ಬೆಟ್ಟ ಮಾತ್ರ ಬೀಳಬಾರದು. ಟೇಪಿಗೆ ಕಾಲಿಲ್ಲದಿದ್ರೂ ಊರೆಲ್ಲ ಓಡಾಡುತ್ತೆ."

ಹಾಗಾಗಿ ಬುರ್ಗಿ, ಕಾಸಿಯನ್, ವ್ರೋನಿ ಮೂವರೂ ಬಸ್ಸು ಹತ್ತಿ ಇನ್ಸ್‌ಬ್ರುಕ್‌ಗೆ ಹೋದರು. ಹಳೇ ಕ್ಯಾಮೆರಾ ಮಾರುವ ಪ್ರೋಲ್ ಮುದುಕನ ಅಂಗಡಿ ನದಿಯ ಆಚೆ ದಡದಲ್ಲಿತ್ತು. ಅವನು ಗಿರಾಕಿಯ ಮುಖ ನೋಡಿ ಬೆಲೆ ಹೇಳುವ ಆಸಾಮಿ. ಇವರ ಬಿಸಿಲಿಗೆ ಸುಟ್ಟ ಮೂಗು ನೋಡಿದವನೇ ಎರಡು ಕ್ಯಾಮೆರಾ ತಂದು ಮೇಜಿನ ಮೇಲಿಟ್ಟ. ಒಂದು ದೊಡ್ಡದು, ಮುಂದೆ ತಟ್ಟೆಯಗಲದ ಗಾಜು. ಇನ್ನೊಂದು ರೊಟ್ಟಿಯ ತುಂಡಿನಷ್ಟು ಚಿಕ್ಕದು, ಮೂಲೆಯಲ್ಲಿ ನೆಗ್ಗಿತ್ತು.

"ದೊಡ್ಡದು ಒಬ್ಬ ಮದುವೆ ಫೋಟೋದವನದು," ಎಂದ ಪ್ರೋಲ್. "ಬಂದವರು, ಬರದವರು, ಊಟಕ್ಕೆ ಮಾತ್ರ ಬಂದವರು, ಎಲ್ಲಾ ಬೀಳ್ತಾರೆ ಇದ್ರಲ್ಲಿ."

"ಹಾಗಾದ್ರೆ ಇದು ನಮಗೆ ಬೇಡ," ಎಂದಳು ಬುರ್ಗಿ.

ಕಾಸಿಯನ್ ದೊಡ್ಡದನ್ನು ಎತ್ತಿ ಹೆಗಲಿಗಿಟ್ಟುಕೊಂಡ. "ಒಂದ್ಸಲ ಕಣ್ಣಿಟ್ಟು ನೋಡೇ ಮಾರಾಯ್ತಿ. ಇಡೀ ಬೀದಿ ಕಾಣುತ್ತೆ. ಇದ್ರಲ್ಲಿ ತೆಗೆದ್ರೆ ನಾವು ಗಿಡುಗದ ಥರ ಇಳಿದಂಗೆ ಕಾಣ್ತೀವಿ."

"ಗಿಡುಗದ ಜೊತೆ ಸನ್ಯಾಸಿನಿಯರೂ ಕಾಣ್ತಾರೆ. ಇಡು ಕೆಳಗೆ."

ಬುರ್ಗಿ ಚಿಕ್ಕದನ್ನು ಕಣ್ಣಿಗಿಟ್ಟುಕೊಂಡು ಬೀದಿಯಾಚೆ ನಿಂತಿದ್ದ ವ್ರೋನಿಯನ್ನು ನೋಡಿದಳು. ವ್ರೋನಿಯ ಹಸಿರು ಟೋಪಿ, ಮೂಗು, ಭುಜ, ಮುಗಿಯಿತು. ಪಕ್ಕದ ಬಾಗಿಲು ಕೂಡ ಬೀಳುತ್ತಿರಲಿಲ್ಲ. ಕಣ್ಣಪಟ್ಟಿ ಕಟ್ಟಿದ ಗಾಡಿಕುದುರೆಯಂಥ ಈ ಕ್ಯಾಮೆರಾ ಅವಳಿಗೆ ಬಹಳ ಹಿಡಿಸಿತು. ಆದರೂ ಹಳೇ ಸಾಮಾನು ಕೊಳ್ಳುವವಳು ಸುಮ್ಮನೆ ಕೊಳ್ಳುತ್ತಾಳೆಯೇ? ಟೇಪು ಹಾಕಿಸಿ ಓಡಿಸಿದಳು, ಕಿವಿಗಿಟ್ಟು ಒಳಗೆ ಏನಾದರೂ ಕರಕರ ಎನ್ನುತ್ತದೋ ಎಂದು ಕೇಳಿದಳು. ಬಿಳೀ ಗೋಡೆಗೆ ಹಿಡಿದು, ಬಿಳಿ ಬೂದಿಬಣ್ಣಕ್ಕೆ ತಿರುಗುತ್ತದೋ ಎಂದು ನೋಡಿದಳು. ಚಳಿಗೆ ತಡೆಯುತ್ತದೋ ಎಂದು ಬ್ಯಾಟರಿಯನ್ನು ಹೊರಗೆ ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದು, ಕಾಫಿ ಕುಡಿದು ಮುಗಿಸಿ, ಆಮೇಲೆ ಹಾಕಿ ನೋಡಿದಳು.

"ಹಸು ಕೊಳ್ಳೋಳು ಕೂಡ ಇಷ್ಟು ಹಲ್ಲು ಎಣಿಸಲ್ಲ," ಎಂದು ಪ್ರೋಲ್ ಗೊಣಗಿದ.

"ಹಸು ಆದ್ರೆ ಸುಳ್ಳು ಹೇಳಲ್ಲ ಪ್ರೋಲ್ ಅವ್ರೇ. ಈ ನೆಗ್ಗಿಗೆ ಎಷ್ಟು ಬಿಡ್ತೀರಿ?"

ವ್ರೋನಿ ಒಳಗೆ ಬಂದು ಬುರ್ಗಿಯ ತೋಳು ಹಿಡಿದುಕೊಂಡಳು. "ನೀನು ಹೇಳಿದ್ದೇ ಸರಿ. ಚಿಕ್ಕದೇ ಇರಲಿ. ಕಾಸಿಯನ್, ಬಾಯಿ ಮುಚ್ಚು."

ಕಾಸಿಯನ್ ಬಾಯಿ ಮುಚ್ಚಿದ. ಹುಟ್ಟಿದಾರಭ್ಯ ವಾದ ಬಿಟ್ಟುಕೊಟ್ಟವನಲ್ಲ ಅವನು. ಇಷ್ಟು ಬೇಗ ಹೇಗೆ ಸೋತ ಎಂದು ಬುರ್ಗಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಗೆದ್ದ ಖುಷಿಯಲ್ಲಿ ಯಾರಿಗೆ ಏನು ಅನ್ನಿಸುತ್ತದೆ? ಕ್ಯಾಮೆರಾವನ್ನು ಉಲ್ಲನ್ ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡು ಬಸ್ಸು ಹತ್ತಿದಳು. ವ್ರೋನಿ ಚಿಕ್ಕಮ್ಮನ ಮನೆಯಲ್ಲಿ ಉಳಿದು ನಾಳೆ ಬರುತ್ತೇನೆ ಎಂದು ಕೈಬೀಸಿದಳು.

ಜನವರಿಯ ಮೊದಲ ಒಳ್ಳೆಯ ಹಿಮ ಬಿದ್ದ ದಿನ ತೊಟ್ಟಿಲಿಗೆ ಹೋಗುವುದೆಂದಾಯಿತು. ವ್ರೋನಿಗೆ ಮಂಡಿನೋವು, ಬರಲಿಲ್ಲ. ಇಬ್ಬರೇ ಹತ್ತಿದರು. ಬ್ಯಾಟರಿಯನ್ನು ಕಂಕುಳಲ್ಲಿಟ್ಟುಕೊಂಡು ಬೆಚ್ಚಗೆ ಕಾಪಾಡಿದ್ದು ಬುರ್ಗಿ. ಚಿತ್ರ ತೆಗೆದದ್ದು ಕಾಸಿಯನ್. ತಿರುವಿನಿಂದ ತಿರುವಿಗೆ ಅವನು ಮೊದಲು ಅಂಚಿನಲ್ಲೇ ಇಳಿದು ಕೆಳಗೆ ಮಂಡಿಯೂರುತ್ತಿದ್ದ, ಆಮೇಲೆ ಇವಳು ಮುಟ್ಟದ ಹಿಮದ ನಡುವೆ ಇಳಿಯುತ್ತಿದ್ದಳು. ಪ್ರತಿ ಸಲವೂ ಅವನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು, ಟೇಪು ಹಿಂದಕ್ಕೋಡಿಸಿ, ಬಂಡೆಯ ತುದಿಯೇನಾದರೂ ಬಿದ್ದಿದೆಯೋ ಎಂದು ನೋಡಿದಳು.

"ನನ್ನ ಮೇಲೆ ನಂಬಿಕೆ ಇಲ್ವಾ ನಿಂಗೆ?" ಎಂದ ಕಾಸಿಯನ್.

"ನಿನ್ನ ಮೇಲೆ ಇದೆ. ನಿನ್ನ ಕೈ ಮೇಲೆ ಇಲ್ಲ," ಎಂದು ನಕ್ಕಳು.

ಭಾನುವಾರ ಕ್ಯಾಮೆರಾವನ್ನು ಅಡುಗೆಮನೆಯ ಟಿವಿಗೆ ಸಿಕ್ಕಿಸಿ ಅಣ್ಣನಿಗೆ ತೋರಿಸಿದಳು. ಹಿಮ ಎದ್ದು ಚೆಲ್ಲುತ್ತಿತ್ತು, ಅದರೊಳಗಿಂದ ಬುರ್ಗಿಯ ಮುಖ ಬಂದು ಹೋಗುತ್ತಿತ್ತು. "ಇಗೋ, ಇದು ಆ ಮರ ಆದ್ಮೇಲಿನ ತಿರುವು," ಎಂದು ಬೆರಳಿಟ್ಟು ತೋರಿಸಿದಳು. ರೋಮೆಡ್ ಕೊನೆಯವರೆಗೂ ನೋಡಿ "ಚೆನ್ನಾಗಿದೆ. ಸೂಪು ಆರ್ತಾ ಇದೆ, ಊಟ ಮಾಡು," ಎಂದ. ಇನ್ನೊಂದು ಸಲ ಹಾಕು ಎನ್ನಲಿಲ್ಲ. ಮನಸ್ಸು ತುಂಬಿ ಮಾತು ಹೊರಡುತ್ತಿಲ್ಲ ಎಂದುಕೊಂಡಳು ಬುರ್ಗಿ.

ಫೆಬ್ರವರಿಯಲ್ಲಿ ಡೈರಿಯ ಕೆಲಸಕ್ಕೆಂದು ಇನ್ಸ್‌ಬ್ರುಕ್‌ಗೆ ಹೋದವಳು ಇನ್ನೊಂದು ಬ್ಯಾಟರಿ ಕೊಳ್ಳಲು ಪ್ರೋಲ್‌ನ ಅಂಗಡಿಗೆ ಹೊಕ್ಕಳು.

"ಚಿಕ್ಕದಕ್ಕಾ, ದೊಡ್ಡದಕ್ಕಾ?" ಎಂದ ಮುದುಕ.

"ನಾವು ತಗೊಂಡಿದ್ದು ಚಿಕ್ಕದಲ್ವಾ."

"ಎರಡೂ ನಿಮ್ಮಲ್ಲೇ ಇದೆಯಲ್ಲ! ಆ ಹಸಿರು ಟೋಪಿ ಹುಡುಗಿ ಅವತ್ತೇ ಸಂಜೆ ವಾಪಸ್ ಬಂದು ದೊಡ್ಡದನ್ನ ತಗೊಂಡು ಹೋದ್ಲು. ಚೌಕಾಸಿನೂ ಮಾಡಲಿಲ್ಲ, ಒಳ್ಳೆ ಮಗು. ಎದುರು ಗುಡ್ಡದಿಂದ ತೆಗೆದ್ರೆ ಇಡೀ ಬೆಟ್ಟ ಬೀಳುತ್ತಾ ಅಂತ ಕೇಳಿದ್ಲು. ಬೆಟ್ಟ ಏನು, ಬೆಟ್ಟದ ಮೇಲಿನ ದೇವರೂ ಬೀಳ್ತಾನೆ ಅಂದೆ."

ಜನವರಿಯಲ್ಲಿ ವ್ರೋನಿ ಬೆಟ್ಟಕ್ಕೆ ಬರದಿದ್ದದ್ದು ಯಾಕೆಂದು ಬುರ್ಗಿಗೆ ಈಗ ಹೊಳೆಯಿತು. ಮಂಡಿನೋವು! ಆ ದಿನ ಸಂಜೆ ತಾನು ವ್ರೋನಿಯ ಮಂಡಿಗೆ ಮುಲಾಮು ಬೇರೆ ತಿಕ್ಕಿ ಬಂದಿದ್ದಳು. ಎಣ್ಣೆ ಹಚ್ಚಿದ ಕೈಯನ್ನೇ ಕಡಿದರಲ್ಲ ಎಂದು ಬಸ್ಸಿನುದ್ದಕ್ಕೂ ಹಲ್ಲು ಕಚ್ಚಿಕೊಂಡು ಕೂತಳು. ಇಳಿದವಳೇ ನೇರ ಹೋಟೆಲಿಗೆ ನಡೆದಳು. ವ್ರೋನಿ ಅಲ್ಲಿ ಅತಿಥಿಗಳಿಗೆ ಕೋಣೆಯ ಬೀಗದಕೈ ಕೊಡುವ ಮೇಜಿನ ಹಿಂದೆ ಇದ್ದಳು. ಬುರ್ಗಿಯ ಮುಖ ನೋಡಿದ್ದೇ ತಡ, ಎಲ್ಲವೂ ಗೊತ್ತಾಯಿತು ಎಂದು ಅವಳಿಗೂ ತಿಳಿಯಿತು.

"ಶನಿವಾರ ಇಲ್ಲಿ ದೊಡ್ಡ ಹಾಲ್‌ನಲ್ಲಿ ಆ ಟೇಪು ತೋರಿಸ್ತಾರೆ," ಎಂದು ವ್ರೋನಿ ನೆಲ ನೋಡಿಕೊಂಡು ಒಪ್ಪಿಸಿದಳು. "ಆಮೇಲೆ ಕಾಸಿಯನ್ ಅತಿಥಿಗಳನ್ನ ಅಲ್ಲಿಗೆ ಕರ್ಕೊಂಡು ಹೋಗ್ತಾನೆ. ನಾನೇ ಹೇಳೋಣ ಅಂತಿದ್ದೆ..."

"ಯಾವಾಗ? ನನ್ನ ಜೊತೆ ಟಿಕೆಟ್ ತಗೊಂಡು ಒಳಗೆ ಕೂತ್ಮೇಲಾ? ನನ್ನ ವಿಷಯ ಬಿಡೇ. ರೋಮೆಡ್ ಕೈ ಮುಟ್ಟಿ ಮಾತು ಕೊಟ್ಟಿದ್ರಲ್ಲೇ, ನಾಚಿಕೆಗೆಟ್ಟವರೇ! ಅವನಿಗೆ ಗೊತ್ತಾದ್ರೆ ಎದೆ ಒಡೆದು ಸಾಯ್ತಾನೆ."

ವ್ರೋನಿ ಅಳುವುದಕ್ಕೇ ಶುರುಮಾಡಿದಳು. "ಬುರ್ಗಿ, ರೋಮೆಡ್‌ಗೆ ಗೊತ್ತು. ಅವನೇ ನಮಗೆ ಹೇಳಿದ್ದು. ಅಂಗಡಿಗೆ ಹೋಗೋಕೆ ಮೊದಲೇ."

ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಯಾರಿಗೆ ಕೊಡುವುದು? ಬುರ್ಗಿ ಹೋಟೆಲಿನಿಂದ ಹೇಗೆ ಮನೆಗೆ ಬಂದಳೋ ಅವಳಿಗೇ ಗೊತ್ತಿಲ್ಲ. ರೋಮೆಡ್ ಒಲೆಯ ಪಕ್ಕದ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಕೋಟು ಕೂಡ ತೆಗೆಯದೆ ಅವನೆದುರು ನಿಂತಳು.

"ದೊಡ್ಡ ಕ್ಯಾಮೆರಾದ್ದು ನೋಡಿದ್ಯಾ ನೀನು?"

ಅವನು ಸುಳ್ಳು ಹೇಳಲಿಲ್ಲ. "ನೋಡಿದೆ."

"ಎಲ್ಲಿ?"

"ಇಲ್ಲೇ. ನೀನು ಡೈರಿಗೆ ಹೋಗಿದ್ದಾಗ ಅವರಿಬ್ಬರೂ ತಂದಿದ್ರು."

"ನಾನು ತೋರಿಸೋಕೆ ಮೊದಲಾ?"

"ಮೊದಲು."

ತನ್ನದೇ ಅಡುಗೆಮನೆಯಲ್ಲಿ, ತನ್ನದೇ ಟಿವಿಯಲ್ಲಿ, ತಾನು ಮಾಡಿಟ್ಟ ಚೀಸ್ ತಿನ್ನುತ್ತ ಮೂವರೂ ಕೂತು ನೋಡಿದ್ದರು. ಆಮೇಲೆ ಭಾನುವಾರ ತಾನು ಬೆರಳಿಟ್ಟು ತಿರುವು ತೋರಿಸುವಾಗ ಇವನು ಎಳೇ ಮಗುವಿನ ಆಟ ನೋಡಿದ ಹಾಗೆ ನೋಡಿದ್ದ. ಇಷ್ಟು ದಿನ ಹೊರಗಿನವರೆಂದರೆ ಊರಿನ ಜನ ಎಂದುಕೊಂಡಿದ್ದಳು. ಹೊರಗಿದ್ದವಳು ತಾನೊಬ್ಬಳೇ.

"ಬೆಟ್ಟ ಬೀಳಬಾರದು ಅಂದಿದ್ದು ನೀನೇ ಅಲ್ವಾ?"

"ನಾನೇ. ಅಂದ ಮೇಲೆ ರಾತ್ರಿಯೆಲ್ಲ ಕೊರಗಿದೆ. ಬೆಟ್ಟ ಇಲ್ದೆ ನಾನೇನು ನೋಡ್ಲಿ ಬುರ್ಗಿ? ನಿನ್ನ ಟೇಪಲ್ಲಿ ಬರೀ ಹಿಮ ಇತ್ತು. ಹಿಮ ಕಿಟಕಿ ಆಚೆನೂ ಇದೆ." ರೋಮೆಡ್ ತನ್ನ ಸತ್ತ ಕಾಲನ್ನು ಎರಡೂ ಕೈಯಿಂದ ಎತ್ತಿ ಕೆಳಗಿಟ್ಟ. "ಅದ್ರಲ್ಲಿ ಎಲ್ಲಾ ಇದೆ. ಸನ್ಯಾಸಿನಿಯರು, ಕೊರಕಲು, ಕೆಳಗೆ ಕಾಡು. ಅಷ್ಟು ದೊಡ್ಡ ಬೆಟ್ಟದ ಮೇಲೆ ನೀನು ಚುಕ್ಕಿ ಥರ ಇಳಿದು ಬರ್ತೀಯ. ಹೋಟೆಲಿಗೆ ತೋರಿಸ್ತೀನಿ ಅಂತ ಆಮೇಲೆ ಕಾಸಿಯನ್ ಕೇಳಿದ. ನನ್ನ ಹೆಸರಿಡೋದಾದ್ರೆ ತೋರಿಸು ಅಂದೆ. ರೋಮೆಡ್‌ನ ತೊಟ್ಟಿಲು ಅಂತ. ನಾನು ಸತ್ತ ಮೇಲೆ ಯಾರಿಗೆ ಗೊತ್ತಿರ್ತಿತ್ತು, ಹೇಳು?"

"ನನಗೆ ಗೊತ್ತಿತ್ತು," ಎಂದಳು ಬುರ್ಗಿ. "ಫ್ಲೋರಿನ್ ಕೇಳಿದಾಗ್ಲೂ ನಾನು ಬಾಯಿ ಬಿಡಲಿಲ್ಲ. ಅವನು ಹೋಗಿದ್ದು ಯಾಕೆ ಅಂತ ನಿಂಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು."

"ನನ್ನ ಹತ್ರ ಒಂದು ಮಾತು ಹೇಳಿದ್ರೆ ಆ ದೊಡ್ಡ ಕ್ಯಾಮೆರಾನ ನಾನೇ ಹೊತ್ಕೊಂಡು ಬರ್ತಿದ್ದೆ, ರೋಮೆಡ್."

"ಅದೂ ಗೊತ್ತಿತ್ತು. ಆದ್ರೆ ನೀನು ಅಷ್ಟು ಕಳ್ಕೊಂಡು ಕಾಪಾಡಿದ್ದನ್ನ ನಾನೇ ಬೇಡ ಅನ್ನೋದು ಹೇಗೆ? ಅವರ ಹತ್ರ ಹೇಳೋದು ಸುಲಭ ಆಯ್ತು."

ರೋಮೆಡ್ ಬೆಂಚಿನ ಕೆಳಗಿನ ಪೆಟ್ಟಿಗೆಯಿಂದ ಒಂದು ಟೇಪು ತೆಗೆದು, ಮುದುಕನ ಹಾಗೆ ಹಿಂಜರಿಯುತ್ತ ಅವಳತ್ತ ಚಾಚಿದ. "ಹಾಕ್ಲಾ? ಎಷ್ಟು ಚೆನ್ನಾಗಿ ಇಳಿದಿದ್ದೀಯ, ಒಂದ್ಸಲ ನೋಡು."

ನೋಡಬೇಕೆಂಬ ಆಸೆ ಅವಳಿಗೆ ಬಹಳ ಇತ್ತು. ಹತ್ತು ಚಳಿಗಾಲ ಇಳಿದಿದ್ದರೂ ತೊಟ್ಟಿಲನ್ನು ಎದುರಿನಿಂದ ಅವಳು ಒಂದು ದಿನವೂ ಕಂಡಿರಲಿಲ್ಲ.

"ಶನಿವಾರ ಹೋಟೆಲಿನಲ್ಲಿ ನೋಡ್ತೀನಿ," ಎಂದಳು. "ಹೊರಗಿನವರ ಜೊತೆ."