ನೀರಲ್ಲಿ ತೊಳೆದ ಬಟ್ಟಲು

ಬೆಳಿಗ್ಗೆ ಹತ್ತೂವರೆಗೆ ಪರದೆಯ ಮೇಲಿನ ಗೆರೆ ಒಂದು ಮೆಟ್ಟಿಲು ಹತ್ತಿತು. ಹತ್ತಬಾರದಿತ್ತು. ಬಟ್ಟಲಿಗೆ ನಾನು ಔಷಧಿಯನ್ನೇ ಹಾಕಿರಲಿಲ್ಲ.

ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಬಟ್ಟಲು, ಅದರ ಗೋಡೆಯಲ್ಲಿ ಸೂಜಿಮೊನೆಯಷ್ಟು ತೂತು. ತೂತಿಗೆ ಕೊಬ್ಬಿನ ತೆಳು ಪೊರೆ ಬಳಿದು ಎರಡೂ ಬದಿಗೆ ಉಪ್ಪುನೀರು ತುಂಬುತ್ತೇನೆ. ಪೊರೆ ಗಟ್ಟಿಯಿದ್ದರೆ ಗೆರೆ ಮಲಗಿರುತ್ತದೆ. ನಮ್ಮ ಲ್ಯಾಬಿನಲ್ಲಿ ಹೆಣೆದ ಔಷಧಿ, ಅಂದರೆ ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್ ಎಳೆ, ಪೊರೆಯೊಳಗೆ ಹೊಕ್ಕು ರಂಧ್ರವಾದರೆ ಉಪ್ಪಿನ ಕಣಗಳು ದಾಟುತ್ತವೆ, ಗೆರೆ ಏರುತ್ತದೆ. ಮೂರು ತಿಂಗಳು ಆ ಮೆಟ್ಟಿಲುಗಳನ್ನು ಅಳೆದವಳು ನಾನು. ಆ ಅಳತೆಯನ್ನು ನಂಬಿ ಆಸ್ಪತ್ರೆಯವರು ಇಂದು ನಾಲ್ಕಕ್ಕೆ ಮೊದಲ ರೋಗಿಗೆ ಔಷಧಿಯನ್ನು ಉಸಿರಿನಲ್ಲಿ ಕೊಡಲಿದ್ದರು. ಮೊದಲ ರೋಗಿ ನನ್ನ ತಂಗಿಯ ಮಗಳು. ಹುಟ್ಟಿದಾಗಿನಿಂದ ಅವಳ ಎದೆಯೊಳಗೆ ಉಪ್ಪು ಪೊರೆ ದಾಟುವುದಿಲ್ಲ. ಕಫ ಅಂಟಿನಂತೆ ಕಟ್ಟಿಕೊಳ್ಳುತ್ತದೆ.

ಬಟ್ಟಲನ್ನು ಮತ್ತೆ ತೊಳೆದೆ. ಮತ್ತೆ ಮೆಟ್ಟಿಲು.

ಆಗ ನೆನಪಾಯಿತು. ಮೊದಲು ಈ ಬಟ್ಟಲು ಎದುರು ಮೇಜಿನವಳದು. ರೋಗಾಣುವಿನ ವಿಷ ಪೊರೆಯನ್ನು ಹೇಗೆ ತೂತು ಮಾಡುತ್ತದೆಂದು ಅವಳು ಇದರಲ್ಲೇ ನೋಡುತ್ತಿದ್ದಳು. ಸ್ಪಿರಿಟ್ ಹಾಕಿದರೆ ತೂತಿನ ಅಂಚು ಕೆಡುತ್ತದೆಂದು ನಾನು ಬರೀ ನೀರಿನಲ್ಲಿ ತೊಳೆದೆ. ಡಬ್ಬಿಗೆ ಹಿಡಿದ ಎಣ್ಣೆಜಿಡ್ಡು ಬರೀ ನೀರಿಗೆ ಬಿಡುವುದಿಲ್ಲವೆಂದು ಅಡುಗೆಮನೆಯಲ್ಲಿ ಗೊತ್ತಿದ್ದವಳಿಗೆ ಇಲ್ಲಿ ಹೊಳೆಯಲಿಲ್ಲ. ಅವಳ ವಿಷ ಬಟ್ಟಲಿಗೆ ಅಂಟಿಯೇ ಇತ್ತು. ಔಷಧಿಯಿಲ್ಲದ ಪರೀಕ್ಷೆಯನ್ನು ದಿನವೂ ಮಾಡುತ್ತಿದ್ದೆ, ಐದೇ ನಿಮಿಷ; ಅಂಟಿದ ವಿಷ ಬಿಟ್ಟು ಪೊರೆ ಸೇರಲು ಅಷ್ಟು ಹೊತ್ತು ಸಾಲದು. ಇಂದು ತಂಗಿಯ ಫೋನ್ ಬಂದದ್ದರಿಂದ ಮುಕ್ಕಾಲು ಗಂಟೆ ಹಾಗೇ ಬಿಟ್ಟಿದ್ದೆ.

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಬೀರುವಿನಲ್ಲಿ ಒಡೆಯದ ಪೊಟ್ಟಣದಲ್ಲಿ ಹೊಸ ಬಟ್ಟಲಿತ್ತು. ಅದು ನನ್ನ ಮಾನ ಉಳಿಸೀತೆಂಬ ಆಸೆ. ಅದರಲ್ಲಿ ನಮ್ಮ ಪೆಪ್ಟೈಡ್ ಹಾಕಿ ಕೂತೆ. ಹನ್ನೆರಡಾಯಿತು, ಎರಡಾಯಿತು. ಗೆರೆ ಮಲಗೇ ಇತ್ತು. ಒಮ್ಮೆ ಮೇಲೇರು ಅಂತ ಅದನ್ನು ಬೇಡಿಕೊಂಡೆ. ಮೂರೂವರೆಗೆ ಪೊರೆ ಇದ್ದಕ್ಕಿದ್ದಂತೆ ಹರಿದುಹೋಯಿತು. ತಾನಾಗಿ ಹರಿಯಿತೋ, ಪೆಪ್ಟೈಡ್ ಹರಿದುಹಾಕಿತೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ನಾವು ನೋಡಿದ್ದೆಲ್ಲ ವಿಷದ ಮೆಟ್ಟಿಲು.

ಆಸ್ಪತ್ರೆಯಲ್ಲಿದ್ದ ನಮ್ಮ ಮುಖ್ಯಸ್ಥರು ಫೋನ್ ಎತ್ತಲಿಲ್ಲ. ತಂಗಿಗೆ ಮಾಡಿದೆ. ಎತ್ತಿದ್ದು ಮಗಳು.

‘ದೊಡ್ಡಮ್ಮ, ನನ್ನ ಎದೆಗೆ ಪುಟ್ಟ ಪುಟ್ಟ ಬಾಗಿಲು ಇಡಿಸ್ತಿದ್ದೀಯಂತೆ. ಚಿಲಕ ಇದೆ ತಾನೆ?’

‘ಅಮ್ಮಂಗೆ ಕೊಡು ಪುಟ್ಟಿ. ಬೇಗ.’

‘ಅಕ್ಕ, ಮಾಸ್ಕ್ ಹಾಕ್ತಿದ್ದಾರೆ ಕಣೆ,’ ಎಂದಳು ತಂಗಿ. ‘ಇವಳ ಅಪ್ಪ ಬೆವರ್ತಾ ಕೂತಿದಾರೆ. ನಂಗೇನೂ ಭಯ ಇಲ್ಲಪ್ಪ, ನೀನು ನೋಡಿದ ಔಷಧಿ.’

‘ಹಾಕಿಸಬೇಡ.’

‘ಏನಂದೆ?’

‘ನಾನು ಬಟ್ಟಲು ಸರಿಯಾಗಿ ತೊಳೆದಿಲ್ಲ. ಅಳತೆ ಎಲ್ಲಾ ತಪ್ಪು. ಮೊದಲು ಮಾಸ್ಕ್ ತೆಗಿ, ಆಮೇಲೆ ಬೈಯುವಿಯಂತೆ.’

ಆ ಕಡೆ ಏನೋ ಉರುಳಿದ ಸದ್ದು. ನರ್ಸ್ ಗದರಿದ್ದು ಕೇಳಿತು. ಆಮೇಲೆ ಕೆಮ್ಮು. ಹನ್ನೊಂದು ವರ್ಷದಿಂದ ನನ್ನನ್ನು ನಡುಗಿಸಿದ ಅದೇ ಕೆಮ್ಮು, ಏನೂ ಮುಚ್ಚಿರದ ಬಾಯಿಯದು.

‘ತೆಗೆದೆ,’ ಎಂದಳು ತಂಗಿ. ‘ಈಗ ನೀನೇ ಹೇಳು. ಇವಳಿಗೆ ಏನಂತ ಹೇಳಲಿ?’