ಫೋನಿನಲ್ಲಿ ವಾಸನೆ ಹಿಡಿದ ನಾಯಿ

ನನ್ನ ನಾಯಿ ಫೋನಿನಲ್ಲೇ ಕಳ್ಳನ ವಾಸನೆ ಹಿಡಿಯುತ್ತಿತ್ತು. ನಗಬೇಡಿ. ರಿಸೀವರಿಗೆ ಮೂತಿ ತಾಗಿಸಿದರೆ ಸಾಕು, ಕಳ್ಳ ಯಾವ ಸೋಪು ಹಚ್ಚುತ್ತಾನೆ, ಅವನ ಮನೆಯ ಬಾಗಿಲಿಗೆ ಯಾವ ಬಣ್ಣ ಬಳಿದಿದೆ, ಎಲ್ಲವನ್ನೂ ಹೇಳಿಬಿಡುತ್ತಿತ್ತು. ಹೇಳುತ್ತಿದ್ದದ್ದು ನನಗೊಬ್ಬನಿಗೇ, ಆ ಮಾತು ಬೇರೆ. ಪೊಲೀಸ್ ಇಲಾಖೆಯಲ್ಲಿ ಹದಿನೇಳು ವರ್ಷ ನಾಯಿಯ ಹಗ್ಗ ಹಿಡಿದವನು ನಾನು. ನಾನು ಕೆಮ್ಮಿದರೆ ನಾಯಿ ಬಾಲ ಅಲ್ಲಾಡಿಸುತ್ತಿತ್ತು, ನಾಯಿ ಕೆಮ್ಮಿದರೆ ಊರಿನ ಕಳ್ಳರೆಲ್ಲ ಬಟ್ಟೆ ಗಂಟು ಕಟ್ಟುತ್ತಿದ್ದರು.

ಅದರ ಹೆಸರು ದೊರೆ. ಅದಕ್ಕೆ ನಾಲ್ಕು ಪದಕ, ನನಗೆ ಎರಡು. ಪತ್ರಿಕೆಯಲ್ಲಿ ನಮ್ಮ ಫೋಟೋ ಬಂದಷ್ಟು ಸಲ ಮಂತ್ರಿಗಳದ್ದೂ ಬಂದಿಲ್ಲ. "ಒಲೆ ಮೇಲೆ ಹಾಲು ಸೀದ್ರೂ ನಿಮಗೆ ಗೊತ್ತಾಗಲ್ಲ, ನಾಯಿ ಮೂಗಿನ ಬಗ್ಗೆ ಮಾತ್ರ ಬಾಯಿ ತುಂಬ ಭಾಷಣ" ಎಂದು ನನ್ನ ಹೆಂಡತಿ ಗೊಣಗುತ್ತಿದ್ದಳು. ಹೆಂಗಸಿಗೆ ಹೊಟ್ಟೆಕಿಚ್ಚು ಎಂದುಕೊಂಡು ಪದಕ ಒರೆಸುತ್ತಿದ್ದೆ.

ಕಳೆದ ಎರಡು ವರ್ಷದಲ್ಲಿ ದೊರೆ ಹತ್ತೊಂಬತ್ತು ಜನರನ್ನು ಹಿಡಿದುಕೊಟ್ಟಿತು. ಹತ್ತೊಂಬತ್ತೂ ಹಳಿಯಾಚೆಯ ಓಣಿಯವರೇ. ಕಳವು ಮಾರುಕಟ್ಟೆಯಲ್ಲಾಗಲಿ, ಊರಿನ ಆ ತುದಿಯ ಗೋದಾಮಿನಲ್ಲಾಗಲಿ, ದೊರೆ ರೈಲು ಹಳಿ ದಾಟಿ, ತೆರೆದ ಚರಂಡಿ ಹಾರಿ, ಯಾವುದಾದರೊಂದು ತಗಡಿನ ಬಾಗಿಲ ಮುಂದೆ ಕೂತು ಮೂರು ಸಲ ಬೊಗಳುತ್ತಿತ್ತು. ದೊಡ್ಡ ಮನೆಗಳ ಬೀದಿಯಲ್ಲಿ ಅದು ಕಾಲೆತ್ತಿದ್ದುಂಟು, ಕೂತದ್ದಿಲ್ಲ.

ನಮ್ಮ ಇನ್ಸ್‌ಪೆಕ್ಟರ್ ಸಾಹೇಬರಿಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ. "ಆ ಓಣೀಲಿ ಹುಟ್ಟಿದ ಕೂಸು ಅಮ್ಮಾ ಅನ್ನೋಕ್ಕೆ ಮುಂಚೆ ಬೀಗ ತೆಗೆಯೋದು ಕಲಿಯುತ್ತೆ ಕಣಯ್ಯಾ" ಎಂದು ನಗುತ್ತಿದ್ದರು. ಠಾಣೆಗೆ ಠಾಣೆಯೇ ನಗುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಾನು ನಗುತ್ತಿದ್ದೆ. ನನ್ನ ನಗೆಗೆ ಒಮ್ಮೆ ಕಿಟಕಿಯ ಗಾಜೇ ಬಿರುಕು ಬಿಟ್ಟಿತ್ತು.

ಆ ನಗೆಯನ್ನು ಕೇಳುತ್ತ ಬಕೆಟ್ ಅಕ್ಕ ಠಾಣೆಯ ಹಿಂದಿನ ನಾಯಿಮನೆ ತೊಳೆಯುತ್ತಿದ್ದಳು. ಅವಳ ಹೆಸರು ನಮಗೆ ಯಾರಿಗೂ ಬೇಕಾಗಿರಲಿಲ್ಲ. ಕೈಯಲ್ಲಿ ಸದಾ ಬಕೆಟ್ ಇರುತ್ತಿತ್ತು, ಅದೇ ಹೆಸರಾಯಿತು. ಅವಳೂ ಹಳಿಯಾಚೆಯವಳೇ. ಏಳು ವರ್ಷದಿಂದ ದೊರೆಯ ಬಟ್ಟಲು ನಾಯಿಮನೆಯ ಒಳಗಿತ್ತು, ಅವಳು ಚಹಾ ಕುಡಿಯುವ ಲೋಟ ಕಿಟಕಿಯ ಹೊರಗಿತ್ತು. ಈ ಬಗ್ಗೆಯೂ ಠಾಣೆಯಲ್ಲಿ ಯಾರಿಗೂ ಸೋಜಿಗವಿರಲಿಲ್ಲ.

ಅವಳ ತಮ್ಮ ದರ್ಜಿ. ಮನೆಯ ಬಾಗಿಲಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡವನು. ದೊರೆ ಪರೇಡಿಗೆ ಹಾಕಿಕೊಳ್ಳುವ ಕೆಂಪು ಕೋಟನ್ನು ಅವನೇ ಹೊಲಿದಿದ್ದ, ಅದೂ ಪುಕ್ಕಟೆ. ನಾಯಿಯ ಎದೆಯ ಅಳತೆ ತೆಗೆಯುವಾಗ "ಇನ್ಸ್‌ಪೆಕ್ಟರ್ ಸಾಹೇಬರಿಗಿಂತ ಇದೇ ವಾಸಿ, ಹೊಟ್ಟೆ ಇಲ್ಲ" ಎಂದು ನಗಿಸಿದ್ದ.

ಒಂದು ಬೆಳಿಗ್ಗೆ ಡಾಕ್ಟರ ಬಂಗಲೆಯಲ್ಲಿ ಒಡವೆ ಕಳುವಾಯಿತು. ನಾನು ದೊರೆಯನ್ನು ಕರೆದುಕೊಂಡು ಹೋದೆ, ಹಿಂದೆಯೇ ಇನ್ಸ್‌ಪೆಕ್ಟರ್ ಸಾಹೇಬರು. ಅದು ಗೇಟು ಮೂಸಿತು, ಹಳಿ ದಾಟಿತು, ಚರಂಡಿ ಹಾರಿತು, ನೀಲಿ ಬಾಗಿಲಿನ ಮುಂದಿನ ಹೊಲಿಗೆ ಯಂತ್ರದ ಎದುರು ಕೂತಿತು. ಬೊಗಳಿತು.

ದರ್ಜಿ ದಾರ ಕಡಿಯುತ್ತಿದ್ದ. "ಏನು ದೊರೆ, ಕೋಟು ಬಿಗಿಯಾಯ್ತಾ?" ಎಂದು ನಾಯಿಯನ್ನೇ ಕೇಳಿದ. ಮಾತು ಮುಗಿಯುವ ಮೊದಲೇ ಅವನ ಕೊರಳಪಟ್ಟಿ ಸಾಹೇಬರ ಕೈಯಲ್ಲಿತ್ತು.

ಮರುದಿನ ಬಕೆಟ್ ಅಕ್ಕ ಬಕೆಟ್ಟನ್ನು ನೆಲಕ್ಕಿಟ್ಟು ನನ್ನ ಮುಂದೆ ನಿಂತಳು.

"ಅಣ್ಣಾ, ನನ್ನ ತಮ್ಮನ್ನ ಹೊಡೀತಿದ್ದಾರೆ. ಬಲಗೈಯ ಎರಡು ಬೆರಳು ಮುರಿದಿದ್ದಾರೆ. ಅವನು ಕೈ ನಂಬ್ಕೊಂಡು ಬದುಕೋನು."

"ನಾನೇನು ಮಾಡ್ಲಿ ಅಕ್ಕಾ? ದೊರೆ ಅವನ ಮುಂದೆ ಕೂತುಬಿಡ್ತು. ದೊರೆ ಸುಳ್ಳು ಹೇಳಲ್ಲ."

"ದೊರೆ ಹೇಳಲ್ಲ ಅಣ್ಣಾ. ಅದಕ್ಕೆ ಏನೂ ಗೊತ್ತಾಗೋದೇ ಇಲ್ಲ. ಎರಡು ವರ್ಷದ ಹಿಂದೆ ಜ್ವರ ಬಂದು ಮೂಗಲ್ಲಿ ರಕ್ತ ಸುರೀತಲ್ಲ, ಅವತ್ತೇ ಅದರ ಮೂಗು ಸತ್ತೋಯ್ತು. ಮಾಂಸದ ಬಟ್ಟಲು ಮುಚ್ಚಿಟ್ರೆ ಪಕ್ಕದಲ್ಲೇ ಕೂತು ನನ್ನ ಮುಖ ನೋಡುತ್ತೆ. ಫಿನಾಯಿಲ್‌ಗೆ ಬಾಯಿ ಹಾಕೋಕೆ ಹೋಗಿತ್ತು, ನಾನೇ ಕಿತ್ಕೊಂಡೆ. ನೀವು ಒಂದು ಮಾತು ಹೇಳಿದ್ರೆ ಅವನನ್ನ ಬಿಡ್ತಾರೆ."

ಬೇರೆಯವರಾಗಿದ್ದರೆ ತಲೆ ತಗ್ಗಿಸುತ್ತಿದ್ದರು. ನಾನು ಎದೆ ಉಬ್ಬಿಸಿದೆ. "ಬೀದಿ ನಾಯಿಗಳು ಮೂಗಿಂದ ಮೂಸ್ತವೆ ಅಕ್ಕಾ. ದೊರೆ ಮನಸ್ಸಿಂದ ಮೂಸುತ್ತೆ."

"ಹೌದಾ? ಯಾರ ಮನಸ್ಸಿಂದ?" ಎಂದಳು.

ಅವಳು ನನ್ನನ್ನು ಅಣ್ಣಾ ಎಂದು ಕರೆದದ್ದು ಅದೇ ಕೊನೆ.

ಅವಳು ಓಣಿಯವರನ್ನು ಕರೆದುಕೊಂಡು ವಕೀಲರ ಬಾಗಿಲು ಬಡಿದಳು. ವಕೀಲರು ಅರ್ಜಿ ಹಾಕಿದರು. ಒಡವೆ ಸಿಕ್ಕಿರಲಿಲ್ಲ, ಕಂಡವರಿರಲಿಲ್ಲ, ದರ್ಜಿಯ ವಿರುದ್ಧ ಇದ್ದದ್ದು ನನ್ನ ನಾಯಿ ಒಂದೇ. ಅದನ್ನು ಕರೆತನ್ನಿ, ನೋಡುತ್ತೇನೆ ಎಂದರು ನ್ಯಾಯಾಧೀಶೆ. ನ್ಯಾಯಾಲಯದ ಅಂಗಳದಲ್ಲಿ ತೂತು ಕೊರೆದ ಐದು ಡಬ್ಬಿಗಳನ್ನು ಅವರೇ ಕೈಯಾರೆ ಸಾಲಾಗಿ ಇಟ್ಟರು. ಒಂದರಲ್ಲಿ ಮಾಂಸ. ಯಾವುದರಲ್ಲಿ ಎಂಬುದು ಅವರೊಬ್ಬರಿಗೇ ಗೊತ್ತು.

"ಏನಾದ್ರೂ ಮಾಡಯ್ಯ," ಸಾಹೇಬರು ಹಲ್ಲು ಕಚ್ಚಿ ಪಿಸುಗುಟ್ಟಿದರು.

ಇಡೀ ದೇಶವೇ ಆ ಅಂಗಳಕ್ಕೆ ಬಂದಿತ್ತು. ಸರಿ, ನಲವತ್ತು ಜನ ಇದ್ದರು. ಕೈಗೆ ಬ್ಯಾಂಡೇಜು ಸುತ್ತಿದ ದರ್ಜಿ ಇಬ್ಬರು ಪೇದೆಗಳ ನಡುವೆ ನಿಂತಿದ್ದ. ದೊರೆ ಅವನು ಹೊಲಿದ ಕೋಟಿನಲ್ಲೇ ಬಂದಿತ್ತು. ಐದೂ ಡಬ್ಬಿ ದಾಟಿ ಹೋಯಿತು. ತಿರುಗಿ ಬಂತು. ನನ್ನ ಮುಂದೆ ನಿಂತು ತಲೆಯೆತ್ತಿ ನನ್ನ ಮುಖವನ್ನೇ ನೋಡಿತು. ಇನ್ನೂ ಯಾಕೆ ಸುಮ್ಮನಿದ್ದೀಯ ಎಂದು ಕೇಳುವ ಹಾಗೆ.

"ದೊರೆಗೆ ನೆಗಡಿ ಮೇಡಂ," ಎಂದೆ.

"ಎರಡು ವರ್ಷದಿಂದಾನಾ?" ಅವರ ಕೈಯಲ್ಲಿ ಪಶುವೈದ್ಯರ ದಾಖಲೆ ಪುಸ್ತಕವಿತ್ತು.

ಆಗ ಬಕೆಟ್ ಅಕ್ಕ ಮುಂದೆ ಬಂದಳು. "ಅಮ್ಮಾ, ಆ ಹಗ್ಗ ನನ್ನ ಕೈಗೆ ಒಂದು ನಿಮಿಷ ಕೊಡಿಸಿ."

ಕೊಡಬೇಕಾಯಿತು. ಅವಳು ದೊರೆಯನ್ನು ನಡೆಸಿಕೊಂಡು ನೇರ ಇನ್ಸ್‌ಪೆಕ್ಟರ್ ಸಾಹೇಬರ ಹೊಳೆಯುವ ಬೂಟಿನ ಮುಂದೆ ಹೋದಳು. ಹಗ್ಗವನ್ನು ಎರಡು ಸಲ, ಸಣ್ಣದಾಗಿ, ಜಗ್ಗಿದಳು. ದೊರೆ ಕೂತಿತು. ಸಾಹೇಬರನ್ನು ನೋಡಿ ಮೂರು ಸಲ ಬೊಗಳಿತು.

ಅಂಗಳ ಗೊಳ್ಳೆಂದು ನಕ್ಕಿತು.

"ನಗಬೇಡಿ!" ಅವಳ ದನಿಗೆ ನಗೆ ಅರ್ಧಕ್ಕೇ ನಿಂತಿತು. "ನನ್ನ ತಮ್ಮನ ಮುಂದೆ ಹಿಂಗೇ ಬೊಗಳ್ತು. ಅವನ ಬೆರಳು ಮುರಿದ್ರಿ. ಈಗ ಇವರದ್ದು ಯಾವ ಬೆರಳು ಮುರೀತೀರಿ, ಹೇಳಿ!"

"ಏಯ್, ಯಾರ ಹತ್ರ ಮಾತಾಡ್ತಿದ್ದೀಯ!" ಸಾಹೇಬರು ಕೈಯೆತ್ತಿದರು.

"ಕೈ ಇಳಿಸಿ," ಎಂದರು ನ್ಯಾಯಾಧೀಶೆ. ಆಮೇಲೆ ನನ್ನ ಕಡೆ ತಿರುಗಿದರು. "ಈಕೆ ಮಾಡಿದ್ದು ಏನು? ಹೀಗೆ ಜಗ್ಗಿದರೆ ನಾಯಿ ಯಾಕೆ ಕೂರುತ್ತೆ?"

ನನ್ನ ಬಳಿ ಉತ್ತರಗಳಿಗೆ ಬರವೇ? ಬಿಸಿಲು ಎನ್ನಬಹುದಿತ್ತು. ಡಬ್ಬಿ ತುಕ್ಕು ಹಿಡಿದಿದೆ ಎನ್ನಬಹುದಿತ್ತು. ಬಾಯಿ ತೆರೆದೆ. ಬಕೆಟ್ ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಹೇಳೋ," ಎಂದಳು. "ಒಂದು ಸಲ ನಿಜ ಹೇಳು."

ಹೇಳಿದೆ.

ಮೂಗು ಸತ್ತದ್ದು ಮೊದಲ ವಾರವೇ ನನಗೆ ಗೊತ್ತಿತ್ತು. ವೈದ್ಯರು ಕೊಟ್ಟ ಚೀಟಿಯನ್ನು ಹರಿದು ಹಾಕಿದೆ. ದೊರೆ ನಿವೃತ್ತಿಯಾದರೆ ನಾನು ನಾಲ್ಕು ರಸ್ತೆ ಕೂಡುವಲ್ಲಿ ಸೀಟಿ ಊದುತ್ತ ನಿಲ್ಲಬೇಕಿತ್ತು, ಯಾರೂ ಫೋಟೋ ತೆಗೆಯುತ್ತಿರಲಿಲ್ಲ. ಪ್ರತಿ ಸಲ ಹೊರಡುವ ಮುಂಚೆ ನಾಯಿಮನೆಯ ಫೋನು ರಿಂಗಾಗುತ್ತಿತ್ತು. ಆ ಕಡೆಯಿಂದ ಸಾಹೇಬರು: "ಹಳಿಯಾಚೆ, ಮೂರನೇ ಸಾಲು, ನೀಲಿ ಬಾಗಿಲು." ನಾನು ಅಲ್ಲಿಗೆ ಹೋಗಿ, ಬಕೆಟ್ ಅಕ್ಕನ ಕಣ್ಣೆದುರೇ ನಾಯಿಮನೆಯಲ್ಲಿ ಕಲಿಸಿದ್ದಂತೆ, ಎರಡು ಸಲ ಹಗ್ಗ ಜಗ್ಗುತ್ತಿದ್ದೆ. ಫೋನಿನಲ್ಲಿ ವಾಸನೆ ಹಿಡಿದದ್ದು ನಾಯಿಯಲ್ಲ, ನಾನು.

ದರ್ಜಿಯ ಬೆರಳು ಮುರಿಯುವಾಗ ನಾನು ಠಾಣೆಯ ಆ ಕೋಣೆಯ ಬಾಗಿಲ ಹೊರಗೆ ದೊರೆಗೆ ಬಿಸ್ಕತ್ತು ತಿನ್ನಿಸುತ್ತಿದ್ದೆ. ಎರಡೂ ಸಲದ ಸದ್ದು ಕೇಳಿಸಿತು. ನಾಯಿ ಕಿವಿ ನಿಮಿರಿಸಿತು. ನಾನು ಅದಕ್ಕೆ ಇನ್ನೊಂದು ಬಿಸ್ಕತ್ತು ಕೊಟ್ಟೆ.

"ಹೀಗೆ ಎಷ್ಟು ಜನರನ್ನ ಹಿಡಿದುಕೊಟ್ಟಿರಿ?" ನ್ಯಾಯಾಧೀಶೆ ಕೇಳಿದರು.

"ಹತ್ತೊಂಬತ್ತು, ಮೇಡಂ."

"ಇಪ್ಪತ್ತಮೂರು," ಎಂದಳು ಬಕೆಟ್ ಅಕ್ಕ. "ಒಂದೊಂದು ಮನೇನೂ ಗೊತ್ತು ನನಗೆ. ಕೇಸು ಬರೀದೆ, ಪೊಲೀಸರು ಹೊಡೆದು ಹಳಿ ಪಕ್ಕ ಎಸೆದು ಹೋದ ನಾಲ್ಕು ಜನರನ್ನ ಇವನು ಎಣಿಸಲ್ಲ."

ನ್ಯಾಯಾಧೀಶೆ ನನ್ನನ್ನು ನೋಡಿದರು. ಒಂದು ಮೀನನ್ನು ತಿಮಿಂಗಿಲ ಮಾಡಿ ಹೇಳುವವನು ನಾನು. ಜೀವಮಾನದಲ್ಲಿ ನಾನು ಕಡಿಮೆ ಮಾಡಿ ಹೇಳಿದ ಲೆಕ್ಕ ಅದೊಂದೇ.

"ಹೌದು ಮೇಡಂ," ಎಂದೆ. "ಇಪ್ಪತ್ತಮೂರು."